10ನೇ ವಾರ, ಟಿಎಸ್‌ಎಚ್ 0.07: ಥೈರಾಯ್ಡ್ ಕಾಯಿಲೆಯೋ, ಬಸಿರಿನ ಹಾರ್ಮೋನಿನ ಕೆಲಸವೋ?

ತುಂಗಾತೀರ (ಪ್ರಶ್ನೆ)

ನಮಸ್ಕಾರ. ತಂಗಿಗೆ ಈಗ 10 ವಾರ, ಚೊಚ್ಚಲ ಬಸಿರು. ಮೊದಲ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 0.07 ಅಂತ ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಲೋ’ ಅಂತ ಹಾಕಿದ್ದಾರೆ. ಫ್ರೀ ಟಿ4 1.5, ಅದು ಲ್ಯಾಬಿನವರು ಕೊಟ್ಟ ಮಿತಿಯೊಳಗೇ ಇದೆ. ಹಿಂದೆ ಥೈರಾಯ್ಡ್ ತೊಂದರೆ ಇರಲಿಲ್ಲ, ಮನೆತನದಲ್ಲೂ ಇಲ್ಲ. ದಿನಕ್ಕೆ ಮೂರ್ನಾಲ್ಕು ಸಲ ವಾಂತಿ, ಎದೆಯುರಿ, ಮಲಬದ್ಧತೆ, ಮೆಟ್ಟಿಲು ಹತ್ತಿದರೆ ಏದುಸಿರು, ಹಗಲೆಲ್ಲ ತೂಕಡಿಕೆ. ಸ್ಕ್ಯಾನಿಂಗ್‌ನಲ್ಲಿ ಒಂದೇ ಮಗು, ಎದೆಬಡಿತ ಚೆನ್ನಾಗಿದೆ.

ಡಾಕ್ಟರ ಮುಂದಿನ ಭೇಟಿಗೆ ಇನ್ನೂ ದಿನ ಇದೆ. ಅಷ್ಟರಲ್ಲಿ ಒಬ್ಬರು ಥೈರಾಯ್ಡ್ ಮಾತ್ರೆ ಶುರು ಮಾಡಿ ಅಂತಾರೆ, ಇನ್ನೊಬ್ಬರು ಪ್ರೊಜೆಸ್ಟರಾನ್ ಮಾತ್ರೆ ಇಲ್ಲದಿದ್ದರೆ ಬಸಿರು ನಿಲ್ಲಲ್ಲ ಅಂತಾರೆ, ಮತ್ತೊಬ್ಬರು ಶುಗರ್ ಟೆಸ್ಟ್ ಆರನೇ ತಿಂಗಳಿಗೆ ಸಾಕು ಅಂತಾರೆ. ಯಾವ ಹಾರ್ಮೋನು ಏನು ಮಾಡುತ್ತದೆ, ಯಾವುದು ಸಹಜ, ಯಾವುದಕ್ಕೆ ಓಡಬೇಕು ಅಂತ ತಿಳಿದವರು ಬಿಡಿಸಿ ಹೇಳಿ.

ಪ್ರಸೂತಿತಜ್ಞೆ_ಮೈಸೂರು

ಮೊದಲು ಒಂದು ಮಾತು: ಟಿಎಸ್‌ಎಚ್ ‘ಲೋ’ ಇದ್ದಾಗ ಥೈರಾಕ್ಸಿನ್ ಮಾತ್ರೆ ಶುರು ಮಾಡುವಂತಿಲ್ಲ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಅಂತ ಮಿದುಳಿನ ಕಡೆಯಿಂದ ಬರುವ ಹಾರ್ಮೋನು, ಫ್ರೀ ಟಿ4 ಅಂದರೆ ಆ ಗ್ರಂಥಿ ತಯಾರಿಸುವ ಥೈರಾಕ್ಸಿನ್. ಥೈರಾಕ್ಸಿನ್ ಮಾತ್ರೆ ಟಿಎಸ್‌ಎಚ್ ಹೆಚ್ಚಿದ್ದಾಗ ಕೊಡುವಂಥದ್ದು. ಇಲ್ಲಿ ಕೊಟ್ಟರೆ ಎದೆಬಡಿತ, ನಡುಕ, ಬೆವರು ಎಲ್ಲ ಜಾಸ್ತಿಯಾಗುತ್ತದೆ. ಹೇಳಿದವರು ಯಾರೇ ಆಗಲಿ, ದಯವಿಟ್ಟು ಅದನ್ನು ಕೈಬಿಡಿ.

ಈಗ ಕಾರಣ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಕೂಡಲೇ ಮುಂದೆ ಮಾಸು ಆಗಲಿರುವ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಮೂತ್ರದ ಕಡ್ಡಿಯಲ್ಲಿ ಎರಡು ಗೆರೆ ಬರುವುದು ಇದರಿಂದಲೇ. ಮೊದಲ ವಾರಗಳಲ್ಲಿ ಇದು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ 8ರಿಂದ 11ನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ಸುಮಾರು ಲಕ್ಷದ ಆಸುಪಾಸು. ಆಮೇಲೆ ಇಳಿದು 20ನೇ ವಾರದ ಹೊತ್ತಿಗೆ ಅದರ ಒಂದು ಸಣ್ಣ ಪಾಲಿಗೆ ಬಂದು ನಿಲ್ಲುತ್ತದೆ.

ಎಚ್‌ಸಿಜಿಗೂ ಟಿಎಸ್‌ಎಚ್‌ಗೂ ಎರಡೆರಡು ಎಳೆಗಳಿವೆ. ಆಲ್ಫಾ ಎಳೆ ಎರಡರಲ್ಲೂ ಒಂದೇ. ಬೀಟಾ ಎಳೆ ಬೇರೆಯಾದರೂ ಸಾಕಷ್ಟು ಹೋಲಿಕೆಯಿದೆ. ಹಾಗಾಗಿ ಎಚ್‌ಸಿಜಿ ಲಕ್ಷದ ಮಟ್ಟಕ್ಕೆ ಏರಿದಾಗ ಅದೇ ಹೋಗಿ ಥೈರಾಯ್ಡ್ ಗ್ರಂಥಿಯನ್ನು ಚುರುಕು ಮಾಡುತ್ತದೆ. ಗ್ರಂಥಿಗೆ ಅಷ್ಟು ಕೆಲಸ ಸಿಕ್ಕ ಮೇಲೆ ಮಿದುಳಿನ ಪಿಟ್ಯುಟರಿ ತನ್ನ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ನಿಮ್ಮ ತಂಗಿಯ 0.07 ಬಂದಿರುವುದು ಸರಿಯಾಗಿ ಎಚ್‌ಸಿಜಿ ತುದಿಯಲ್ಲಿರುವ ವಾರದಲ್ಲಿ. ಫ್ರೀ ಟಿ4 ಮಿತಿಯೊಳಗಿದೆ, ಹಿಂದೆ ಕಾಯಿಲೆಯಿಲ್ಲ, ವಾಂತಿ ಇದೆ. ಇದೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತದೆ. 14ರಿಂದ 18ನೇ ವಾರದೊಳಗೆ ಎಚ್‌ಸಿಜಿ ಇಳಿದಂತೆ ಟಿಎಸ್‌ಎಚ್ ತಾನೇ ಮೇಲೆ ಬರುತ್ತದೆ. ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ತರಹದ ಮಾತ್ರೆ ಇದಕ್ಕೆ ಬೇಡ. 5ರಿಂದ 10ನೇ ವಾರದ ನಡುವೆ ಆ ಮಾತ್ರೆಯಿಂದ ಮಗುವಿನ ಅಂಗರಚನೆಗೆ ಅಪಾಯವೂ ಇದೆ.

ನಿಜವಾದ ಥೈರಾಯ್ಡ್ ಕಾಯಿಲೆ, ಅಂದರೆ ಗ್ರೇವ್ಸ್, ಇರಬಹುದು ಅಂತ ಅನುಮಾನ ಬರುವುದು ಯಾವಾಗ? ಕತ್ತಿನ ಮುಂಭಾಗ ಉಬ್ಬಿದ್ದರೆ, ಕಣ್ಣು ಮುಂದೆ ಬಂದಂತೆ ಕಂಡರೆ, ಬಸಿರಿಗೆ ಮೊದಲೇ ಎದೆಬಡಿತ, ತೂಕ ಇಳಿಕೆ ಇದ್ದಿದ್ದರೆ, ಫ್ರೀ ಟಿ4 ಮಿತಿ ದಾಟಿದ್ದರೆ. ಆಗ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಪರೀಕ್ಷೆ ಮಾಡಿಸುತ್ತೇವೆ. ಎಚ್‌ಸಿಜಿಯಿಂದ ಆದದ್ದರಲ್ಲಿ ಅದು ನೆಗೆಟಿವ್. ಇನ್ನೊಂದು, ಅವಳಿ ಇದ್ದರೆ ಅಥವಾ ದ್ರಾಕ್ಷಿ ಗೊಂಚಲಿನ ಬಸಿರು, ಅಂದರೆ ಮೋಲಾರ್ ಇದ್ದರೆ ಎಚ್‌ಸಿಜಿ ಇನ್ನೂ ಮೇಲೆ ಹೋಗಿ ಟಿಎಸ್‌ಎಚ್ ಪೂರ್ತಿ ಅಡಗಿಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಂದೇ ಮಗು, ಬಡಿತ ಚೆನ್ನಾಗಿದೆ ಅಂದಿದ್ದೀರಿ, ಹಾಗಾಗಿ ಆ ಚಿಂತೆ ಇಲ್ಲ. ನಾಲ್ಕು ವಾರ ಬಿಟ್ಟು ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಇನ್ನೊಮ್ಮೆ ನೋಡುವುದು ವಾಡಿಕೆ. ರಿಪೋರ್ಟಿನ ಫೋಟೋವನ್ನು ನಿಮ್ಮ ಡಾಕ್ಟರಿಗೆ ಈಗಲೇ ಕಳಿಸಿಬಿಡಿ, ಭೇಟಿಯವರೆಗೆ ಕಾಯಬೇಕಿಲ್ಲ.

ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಬಸಿರಿಗೆ ಮೊದಲೇ ಥೈರಾಕ್ಸಿನ್ ತಗೊಳ್ಳುತ್ತಿದ್ದವರ ಕತೆ ಇದಕ್ಕೆ ತದ್ವಿರುದ್ಧ. ಈಸ್ಟ್ರೋಜನ್ ಏರಿದಾಗ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ರಕ್ತದಲ್ಲಿ ಹೆಚ್ಚಾಗುತ್ತದೆ, ಹಳೆಯ ಡೋಸು ಸಾಲದಾಗುತ್ತದೆ. ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ತಿಳಿಸಿ. ಸಾಮಾನ್ಯವಾಗಿ ಕಾಲು ಭಾಗದಷ್ಟು ಏರಿಸುತ್ತೇವೆ, ಅಂದರೆ ವಾರಕ್ಕೆ 7 ಮಾತ್ರೆ ಬದಲು 9. ಆಮೇಲೆ ಅರ್ಧ ಬಸಿರಿನವರೆಗೆ ನಾಲ್ಕು ವಾರಕ್ಕೊಮ್ಮೆ, 30ನೇ ವಾರದ ಹತ್ತಿರ ಮತ್ತೊಮ್ಮೆ ಟಿಎಸ್‌ಎಚ್. ಗುರಿ 2.5ರ ಒಳಗೆ.

ಬಯೋಕೆಮಿಸ್ಟ್_ಹುಬ್ಬಳ್ಳಿ

ಮೇಡಂ ಹೇಳಿದ್ದು ಸರಿ. ಲ್ಯಾಬ್ ಕಡೆಯಿಂದ ಒಂದು ಸೇರಿಸಬೇಕು. ತಂಗಿ ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದಾರಾ ಕೇಳಿ. ಅನೇಕ ಯಂತ್ರಗಳು ಬಯೋಟಿನ್ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಫ್ರೀ ಟಿ4 ಸುಳ್ಳೇ ಹೆಚ್ಚು ತೋರಿಸುತ್ತದೆ. ದಿನಕ್ಕೆ 5 ಅಥವಾ 10 ಮಿಲಿಗ್ರಾಂ ಇರುವ ಮಾತ್ರೆಯಲ್ಲಿ ಈ ತೊಂದರೆ ಬರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು.

ಇನ್ನು ಆ ‘ಲೋ’, ‘ಹೈ’ ಗುರುತಿನ ವಿಚಾರ. ರಿಪೋರ್ಟಿನ ಬಲಗಡೆ ಅಚ್ಚಾಗುವ ಮಿತಿ ಬಹುಪಾಲು ಲ್ಯಾಬುಗಳಲ್ಲಿ ಬಸಿರಿಲ್ಲದವರದ್ದು. ಬಸಿರಿನ ಹಾರ್ಮೋನುಗಳು ರಕ್ತದ ಲೆಕ್ಕವನ್ನೇ ಬದಲಿಸಿಬಿಡುತ್ತವೆ. ಇದು ಎರಡೂ ಕಡೆ ಮೋಸ ಮಾಡುತ್ತದೆ: ಸಹಜವಾದದ್ದಕ್ಕೆ ಗುರುತು ಬೀಳುತ್ತದೆ, ಅಸಹಜವಾದದ್ದು ಗುರುತಿಲ್ಲದೆ ಜಾರಿಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಮೂತ್ರಪಿಂಡ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ನೋಡಿ. ಬಸಿರಿನಲ್ಲಿ ಮೂತ್ರಪಿಂಡ ಸೋಸುವ ವೇಗ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ರಿಲ್ಯಾಕ್ಸಿನ್ ಎಂಬ ಹಾರ್ಮೋನಿಗೂ ಅದರಲ್ಲಿ ಪಾಲಿದೆ. ಹಾಗಾಗಿ ಕ್ರಿಯಾಟಿನಿನ್ 0.4ರಿಂದ 0.8ರೊಳಗೆ ಇರಬೇಕು. 1.0 ಬಂದರೆ ರಿಪೋರ್ಟಿನಲ್ಲಿ ಯಾವ ಗುರುತೂ ಇರಲ್ಲ, ಆದರೆ ಬಸುರಿಗೆ ಅದು ಹೆಚ್ಚೇ. ಡಾಕ್ಟರಿಗೆ ತೋರಿಸಲೇಬೇಕು.

ಹಿಮೋಗ್ಲೋಬಿನ್ ಇನ್ನೊಂದು. ರಕ್ತದ ನೀರಿನಂಶ ಏರುವಷ್ಟು ಕೆಂಪು ಕಣಗಳು ಏರುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ತೆಳುವಾಗುತ್ತದೆ. ಅದಕ್ಕೇ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11ಕ್ಕಿಂತ, ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಅನ್ನುವ ಗಡಿ ಬಳಕೆಯಲ್ಲಿದೆ. ಆದರೆ 9.5 ಬಂದಾಗ “ತೆಳುವಾಗಿದ್ದಷ್ಟೇ” ಅಂತ ಬಿಟ್ಟುಬಿಡಬೇಡಿ. ಅದು ಕಬ್ಬಿಣದ ಕೊರತೆಯೇ ಇರುತ್ತದೆ, ಬಹುತೇಕ.

ಲಿವರ್ ಪರೀಕ್ಷೆಯಲ್ಲಿ ಬರುವ ಆಲ್ಕಲೈನ್ ಫಾಸ್ಫಟೇಸ್ ಕೊನೆಯ ತಿಂಗಳುಗಳಲ್ಲಿ ಎರಡು ಮೂರು ಪಟ್ಟು ಏರಬಹುದು, ಅದನ್ನು ಮಾಸೇ ತಯಾರಿಸುತ್ತದೆ, ಲಿವರ್ ಕೆಟ್ಟಿದೆ ಅಂತ ಅಲ್ಲ. ಬಿಳಿ ರಕ್ತಕಣ 12–14 ಸಾವಿರ ಇದ್ದರೂ ಜ್ವರ ಇಲ್ಲದಿದ್ದರೆ ಸೋಂಕು ಅನ್ನಬೇಕಿಲ್ಲ. ಉರಿಯೂತ ಇದೆಯೇ ಅಂತ ನೋಡುವ ಇಎಸ್‌ಆರ್ ಬಗ್ಗೆ ತಲೆಕೆಡಿಸಿಕೊಳ್ಳಲೇಬೇಡಿ, ಬಸಿರಿನಲ್ಲಿ ಅದು ಏರಿಯೇ ಇರುತ್ತದೆ.

ರಕ್ತ ಕೊಡುವಾಗ ಎಷ್ಟನೇ ವಾರ ಅಂತ ಫಾರ್ಮಿನಲ್ಲಿ ಬರೆಸಿ. ವಾರ ಗೊತ್ತಿಲ್ಲದ ರಿಪೋರ್ಟನ್ನು ಸರಿಯಾಗಿ ಓದಲು ಆಗುವುದಿಲ್ಲ.

ತುಂಗಾತೀರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಯೋಟಿನ್ ತಗೊಳ್ಳುತ್ತಿಲ್ಲ. ರಿಪೋರ್ಟನ್ನು ಡಾಕ್ಟರಿಗೆ ಕಳಿಸಿದ್ದೇವೆ. ಆ ವಾಂತಿ, ಎದೆಯುರಿ, ಏದುಸಿರಿಗೆ ಮನೆಯಲ್ಲಿ ಏನು ಮಾಡಬಹುದು? ಮತ್ತೆ ಪ್ರೊಜೆಸ್ಟರಾನ್ ಮಾತ್ರೆ?

ತಾಯಿವಾರ್ಡ್_ಸಿಸ್ಟರ್

ಮಾತ್ರೆಯ ವಿಚಾರ ಡಾಕ್ಟರ್ ಹೇಳಲಿ, ಮಿಕ್ಕಿದ್ದು ನಾನು ಹೇಳುತ್ತೇನೆ.

ನೀವು ಬರೆದಿರುವುದರಲ್ಲಿ ವಾಂತಿ ಬಿಟ್ಟು ಉಳಿದದ್ದೆಲ್ಲ ಹೆಚ್ಚುಕಡಿಮೆ ದೇಹದೊಳಗೆ ಸಹಜವಾಗಿ ಏರಿರುವ ಪ್ರೊಜೆಸ್ಟರಾನಿನದ್ದೇ. ಗರ್ಭಕೋಶ ಹಿಂಡದಂತೆ ಅದರ ಸ್ನಾಯುವನ್ನು ಸಡಿಲಿಸುವುದು ಅದರ ಮುಖ್ಯ ಕೆಲಸ. ಆದರೆ ಗರ್ಭಕೋಶವನ್ನು ಮಾತ್ರ ಆರಿಸಿ ಸಡಿಲಿಸಲು ಅದಕ್ಕೆ ಬರುವುದಿಲ್ಲ. ಅನ್ನನಾಳ ಮತ್ತು ಹೊಟ್ಟೆ ಸೇರುವಲ್ಲಿನ ಬಿಗಿಯೂ ಸಡಿಲವಾಗುತ್ತದೆ, ಹುಳಿ ಮೇಲೆ ಬರುತ್ತದೆ. ಕರುಳು ನಿಧಾನವಾಗುತ್ತದೆ, ಮಲ ಗಟ್ಟಿಯಾಗುತ್ತದೆ. ಮೂತ್ರನಾಳ ಹಿಗ್ಗಿ ಮೂತ್ರ ಅಲ್ಲೇ ತಂಗುತ್ತದೆ, ಅದಕ್ಕೇ ಬಸುರಿಯರಿಗೆ ಉರಿಮೂತ್ರದ ಸೋಂಕು ಮೂತ್ರಪಿಂಡದವರೆಗೆ ಬೇಗ ಹತ್ತುತ್ತದೆ. ಉರಿ ಇಲ್ಲದಿದ್ದರೂ ಒಮ್ಮೆ ಮೂತ್ರದ ಕಲ್ಚರ್ ಮಾಡಿಸುವುದು ಇದೇ ಕಾರಣಕ್ಕೆ, ಬಿಡಬೇಡಿ.

ಏದುಸಿರೂ ಹಾಗೆಯೇ. ಪ್ರೊಜೆಸ್ಟರಾನ್ ಮಿದುಳಿನ ಉಸಿರಾಟದ ಕೇಂದ್ರವನ್ನು ಚುರುಕು ಮಾಡುತ್ತದೆ. ನಿಮಿಷಕ್ಕೆ ಉಸಿರಿನ ಎಣಿಕೆ ಅಷ್ಟೇ ಇರುತ್ತದೆ, ಒಂದೊಂದು ಉಸಿರು ಮೂರನೇ ಒಂದರಷ್ಟು ಆಳವಾಗುತ್ತದೆ. ಹೊಟ್ಟೆ ಇನ್ನೂ ಕಾಣದ ಹತ್ತನೇ ವಾರದಲ್ಲೇ ‘ಗಾಳಿ ಸಾಲಲ್ಲ’ ಅನ್ನಿಸುವುದು ಅದಕ್ಕೇ. ಕೂತು ಮಾತಾಡುವಾಗ ಆರಾಮ, ಮೆಟ್ಟಿಲಲ್ಲಿ ಮಾತ್ರ ಏದುಸಿರು ಅಂದರೆ ಸಹಜ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾದರೆ, ಎದೆನೋವು ಇದ್ದರೆ, ಸುಮ್ಮನೆ ಕೂತಾಗಲೂ ನಾಡಿ 120 ದಾಟಿದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸುವುದರಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಬಸಿರು-ಬಾಣಂತನದಲ್ಲಿ ಹೆಚ್ಚು.

ವಾಂತಿಗೆ ಬಹಳ ಕಾಲ ಎಚ್‌ಸಿಜಿಯನ್ನೇ ಹೊಣೆ ಮಾಡುತ್ತಿದ್ದರು. 2023ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಜಿಡಿಎಫ್15 ಎಂಬ ಹಾರ್ಮೋನಿನ ಪಾತ್ರ ಗಟ್ಟಿಯಾಯಿತು. ಇದೂ ಮಾಸಿನ ಕಡೆಯಿಂದಲೇ ಬರುತ್ತದೆ. ಬಸಿರಿಗೆ ಮೊದಲು ಯಾರ ಮೈಯಲ್ಲಿ ಇದು ಕಡಿಮೆ ಇತ್ತೋ ಅವರಿಗೆ ದಿಢೀರ್ ಏರಿಕೆ ಹೆಚ್ಚು ಬಾಧಿಸುತ್ತದೆ. “ಮನಸ್ಸು ಗಟ್ಟಿ ಮಾಡ್ಕೊ” ಅಂತ ಬಸುರಿಗೆ ಹೇಳುವವರಿಗೆ ಇದು ತಿಳಿದಿರಬೇಕು. ಅದು ಮನಸ್ಸಿನ ಖಾಯಿಲೆ ಅಲ್ಲ.

ಮನೆಯಲ್ಲಿ: ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ, ಪೂರ್ತಿ ತುಂಬಿಸಲೂಬೇಡಿ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಚುರುಮುರಿ ಅಥವಾ ಎರಡು ರಸ್ಕ್, ಹತ್ತು ನಿಮಿಷ ಬಿಟ್ಟು ಏಳುವುದು. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ನೀರು ಊಟದ ಜೊತೆ ಬೇಡ, ನಡುವೆ ಗುಟುಕು ಗುಟುಕಾಗಿ. ಒಗ್ಗರಣೆ ವಾಸನೆ ಆಗದಿದ್ದರೆ ಅಡುಗೆಮನೆಯಿಂದ ಅವಳನ್ನು ದೂರ ಇಡಿ. ತಣ್ಣಗಿನ ಮೊಸರನ್ನ ಬಿಸಿ ಅನ್ನಕ್ಕಿಂತ ಒಪ್ಪುತ್ತದೆ, ವಾಸನೆ ಕಡಿಮೆ. ಇದರಿಂದ ತಡೆಯದಿದ್ದರೆ ಡಾಕ್ಸಿಲಮೈನ್ 10, ಪಿರಿಡಾಕ್ಸಿನ್ 10 ಮಿಲಿಗ್ರಾಂ ಸೇರಿದ ಮಾತ್ರೆಯನ್ನು ಡಾಕ್ಟರ್ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ರಾತ್ರಿ ಮಲಗುವಾಗ ಎರಡು. ಅದು ನಿಧಾನಕ್ಕೆ ಕರಗಿ ಬೆಳಗಿನ ಹೊತ್ತಿಗೆ ಕೆಲಸ ಮಾಡುವಂತೆ ತಯಾರಾದದ್ದು. ಬೆಳಗ್ಗೆ ವಾಂತಿ ಶುರುವಾದ ಮೇಲೆ ತಗೊಂಡು “ಏನೂ ಪ್ರಯೋಜನ ಇಲ್ಲ” ಅನ್ನುವವರೇ ಜಾಸ್ತಿ. ನಿದ್ದೆ ಬರಿಸುತ್ತದೆ, ಗಾಡಿ ಓಡಿಸುವವರು ಜೋಪಾನ.

ತೂಕ ನೂರಕ್ಕೆ ಐದು ಇಳಿದರೆ, ಅಂದರೆ 50 ಕಿಲೋ ಇದ್ದವರು 47.5ಕ್ಕೆ ಬಂದರೆ, ಮೂತ್ರ ಗಾಢ ಹಳದಿಯಾಗಿ ದಿನಕ್ಕೆ ಎರಡು ಮೂರು ಸಲಕ್ಕೆ ಇಳಿದರೆ, ಕುಡಿದ ನೀರೂ ನಿಲ್ಲದಿದ್ದರೆ ಡ್ರಿಪ್ ಬೇಕು. ಬಹಳ ದಿನ ವಾಂತಿಯಾದವರಿಗೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಡಬೇಕು. ಇಲ್ಲದಿದ್ದರೆ ಮೈಯಲ್ಲಿ ಉಳಿದ ಚೂರು ಥಯಮಿನ್ನೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಸಣ್ಣ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಿ.

ಎದೆಯುರಿಗೆ ಊಟವಾಗಿ ಎರಡು ಮೂರು ಗಂಟೆ ಮಲಗಬೇಡಿ. ಮಲಗುವಾಗ ಎಡಮಗ್ಗುಲು. ಮಂಚದ ತಲೆಕಡೆಯ ಕಾಲಿಗೆ ಅರ್ಧ ಅಡಿ ಎತ್ತರ ಕೊಡಿ, ಬರೀ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ, ಉರಿ ಹೆಚ್ಚುತ್ತದೆ. ಮಲಬದ್ಧತೆಗೆ ಇಸಬ್‌ಗೋಲ್ ಒಂದೆರಡು ಚಮಚ, ಅದರ ಜೊತೆ ದೊಡ್ಡ ಲೋಟ ನೀರು ಕಡ್ಡಾಯ, ನೀರು ಕಮ್ಮಿಯಾದರೆ ಅದೇ ಗಟ್ಟಿಕಟ್ಟುತ್ತದೆ. ಹರಳೆಣ್ಣೆ ಬೇಡವೇ ಬೇಡ, ಗರ್ಭಕೋಶ ಹಿಂಡಿಸುತ್ತದೆ.

ನಾಲ್ಕನೇ ತಿಂಗಳಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುವುದು, ದಿನಕ್ಕೊಂದರಂತೆ ಕನಿಷ್ಠ 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆರಡು. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಥೈರಾಕ್ಸಿನ್ ತಗೊಳ್ಳುವವರಿಗೆ ಇನ್ನೂ ಬಿಗಿ: ಬೆಳಗ್ಗೆ 6ಕ್ಕೆ ಬರಿಹೊಟ್ಟೆಗೆ ಥೈರಾಕ್ಸಿನ್, ಕಾಫಿ ಆಮೇಲೆ ಒಂದು ಗಂಟೆಗೆ, ಕ್ಯಾಲ್ಸಿಯಂ ಮಧ್ಯಾಹ್ನದ ಮತ್ತು ರಾತ್ರಿಯ ಊಟದ ಜೊತೆ, ಕಬ್ಬಿಣ ಸಂಜೆ 5ರ ಹೊತ್ತಿಗೆ ನಿಂಬೆ ಪಾನಕದೊಂದಿಗೆ. ಸಂಜೆಯ ಟೀ ಕಬ್ಬಿಣದ ಹತ್ತಿರ ಬರದಂತೆ ನೋಡಿಕೊಳ್ಳಿ. ಥೈರಾಕ್ಸಿನ್ನಿಗೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ ಇರಲೇಬೇಕು. ಟಿಎಸ್‌ಎಚ್ ಇಳಿಯುತ್ತಿಲ್ಲ ಅಂತ ಡೋಸು ಏರಿಸುತ್ತಾ ಹೋಗುವ ಎಷ್ಟೋ ಕಡೆ ನಿಜವಾದ ತೊಂದರೆ ಈ ಅಂತರದ್ದು.

ಪ್ರಸೂತಿತಜ್ಞೆ_ಮೈಸೂರು

ಸಿಸ್ಟರ್ ಬರೆದಿದ್ದು ಎಲ್ಲ ಬಸುರಿಯರೂ ಇಟ್ಟುಕೊಳ್ಳುವಂಥದ್ದು.

ಪ್ರೊಜೆಸ್ಟರಾನ್ ಮಾತ್ರೆಗೆ ಬರುತ್ತೇನೆ. ಮೊದಲ ವಾರಗಳಲ್ಲಿ ಪ್ರೊಜೆಸ್ಟರಾನ್ ಬರುವುದು ಅಂಡಾಶಯದಲ್ಲಿ ಮೊಟ್ಟೆ ಒಡೆದು ಹೋದ ಜಾಗದ ಕಾರ್ಪಸ್ ಲೂಟಿಯಂನಿಂದ. ಎಚ್‌ಸಿಜಿಯ ಮುಖ್ಯ ಕೆಲಸವೇ ಅದನ್ನು ಬಾಡದಂತೆ ಉಳಿಸುವುದು. 7ರಿಂದ 9ನೇ ವಾರದ ನಡುವೆ ಮಾಸು ಈ ಕೆಲಸ ವಹಿಸಿಕೊಳ್ಳುತ್ತದೆ. ನಿಮ್ಮ ತಂಗಿಗೆ ಆ ವಾರ ದಾಟಿದೆ, ಮಗುವಿನ ಬಡಿತ ಇದೆ, ರಕ್ತಸ್ರಾವ ಇಲ್ಲ, ಹಿಂದೆ ಗರ್ಭಪಾತವೂ ಇಲ್ಲ. ಮಾತ್ರೆಯಿಂದ ಆಗಬೇಕಾದ ಲಾಭ ಇಲ್ಲಿ ಏನೂ ಇಲ್ಲ.

ಲಾಭ ಇರುವ ಸಂದರ್ಭ ಇವೆ. ಹಿಂದೆ ಒಂದಾದರೂ ಗರ್ಭಪಾತವಾಗಿ, ಈ ಬಸಿರಿನ ಆರಂಭದಲ್ಲಿ ರಕ್ತ ಕಂಡರೆ, ಯೋನಿಯಲ್ಲಿಡುವ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ 400 ಮಿಲಿಗ್ರಾಂ ದಿನಕ್ಕೆರಡು ಸಲ, 16ನೇ ವಾರದವರೆಗೆ ಕೊಡುವ ಪದ್ಧತಿ ಬ್ರಿಟನ್ನಿನ ಮಾರ್ಗಸೂಚಿಯಲ್ಲಿ 2021ರಿಂದ ಇದೆ. ಅದಕ್ಕೆ ಆಧಾರವಾದ ದೊಡ್ಡ ಪ್ರಯೋಗದಲ್ಲಿ, ಹಿಂದೆ ಗರ್ಭಪಾತ ಆಗದೆ ಈ ಸಲ ಮಾತ್ರ ರಕ್ತ ಕಂಡವರಿಗೆ ಪ್ರಯೋಜನ ಕಾಣಲಿಲ್ಲ. ಇನ್ನೊಂದು ಸಂದರ್ಭ, 16ರಿಂದ 24ನೇ ವಾರದ ನಡುವೆ ಯೋನಿಯ ಮೂಲಕ ಮಾಡಿದ ಸ್ಕ್ಯಾನಿನಲ್ಲಿ ಗರ್ಭಕಂಠ 25 ಮಿಲಿಮೀಟರಿಗಿಂತ ಗಿಡ್ಡ ಇದ್ದರೆ ರಾತ್ರಿ 200 ಮಿಲಿಗ್ರಾಂ. ಅವಧಿಗೆ ಮುಂಚಿನ ಹೆರಿಗೆ ತಡೆಯುವಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಐವಿಎಫ್‌ನಲ್ಲಿ ಆದ ಬಸಿರಿಗೆ ಲೆಕ್ಕವೇ ಬೇರೆ, ಅವರು ತಮ್ಮ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

“ಪ್ರೊಜೆಸ್ಟರಾನ್ ಲೆವೆಲ್ ನೋಡಿ ಮಾತ್ರೆ ಕೊಡಿ” ಅಂತ ಕೇಳುವವರಿದ್ದಾರೆ. ಅದು ರಕ್ತಕ್ಕೆ ಅಲೆ ಅಲೆಯಾಗಿ ಬರುತ್ತದೆ, ಒಂದೇ ದಿನ ಒಂದೇ ಹೆಣ್ಣಿನಲ್ಲಿ ಬೇರೆ ಬೇರೆ ಸಂಖ್ಯೆ ಸಿಗುತ್ತದೆ. ಒಂದು ಸಂಖ್ಯೆಯ ಮೇಲೆ ತೀರ್ಮಾನ ಮಾಡಲಾಗದು.

ಆಹಾರತಜ್ಞೆ_ಮಂಗಳೂರು

ಶುಗರ್ ಟೆಸ್ಟ್ ಆರನೇ ತಿಂಗಳಿಗೆ ಮಾತ್ರ ಸಾಕು ಅಂದವರ ಮಾತು ಅರ್ಧ ಸರಿ. ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಪ್ರಕಾರ ಮೊದಲ ಭೇಟಿಯಲ್ಲೇ ಒಂದು, ಅದು ಸರಿ ಇದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಂದು. ಎರಡರ ನಡುವೆ ಕನಿಷ್ಠ ನಾಲ್ಕು ವಾರ ಅಂತರ. ಮೊದಲನೆಯದು ಬಸಿರಿಗೆ ಮುಂಚೆಯೇ ಇದ್ದ ಸಕ್ಕರೆ ಕಾಯಿಲೆಯನ್ನು ಹಿಡಿಯಲು, ಎರಡನೆಯದು ಮಾಸಿನ ಹಾರ್ಮೋನುಗಳಿಂದ ಬರುವುದನ್ನು ಹಿಡಿಯಲು.

ಮಾಸು ಬೆಳೆದಂತೆ ಪ್ಲಾಸೆಂಟಲ್ ಲ್ಯಾಕ್ಟೋಜನ್ ಎಂಬ ಹಾರ್ಮೋನು ಏರುತ್ತಾ ಹೋಗುತ್ತದೆ. ಇದು, ಇದರ ಜೊತೆ ಕಾರ್ಟಿಸಾಲ್, ಪ್ರೊಜೆಸ್ಟರಾನ್ ಎಲ್ಲ ಸೇರಿ ತಾಯಿಯ ಮೈಯಲ್ಲಿ ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತವೆ. ತಾಯಿಯ ಸ್ನಾಯು ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳದಿದ್ದರೆ ಅದು ಮಗುವಿಗೆ ಉಳಿಯುತ್ತದೆ, ಬಸಿರಿನ ಏರ್ಪಾಡೇ ಹಾಗೆ. ಬಹುಪಾಲು ಹೆಂಗಸರ ಮೇದೋಜೀರಕ ಎರಡು ಮೂರು ಪಟ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಅಷ್ಟು ಸುರಿಸಲಾಗದವರಿಗೆ ಸಕ್ಕರೆ ಏರುತ್ತದೆ. ತಾಯಿ ಸಿಹಿ ತಿಂದದ್ದರ ಶಿಕ್ಷೆ ಅಲ್ಲ ಇದು.

ಪರೀಕ್ಷೆ ಹೀಗೆ: ಊಟ ಮಾಡಿರಲಿ, ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದೊಳಗೆ ಕುಡಿಯಬೇಕು. ಕುಡಿಯಲು ಶುರು ಮಾಡಿದ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ರಕ್ತ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ತಪ್ಪುವುದು ಎಲ್ಲಿ ಅಂದರೆ, ಸಿಹಿ ತಡೆಯಲಾರದೆ ಅರ್ಧ ಲೋಟ ಬಿಡುತ್ತಾರೆ, ಅಥವಾ ಆ ಎರಡು ಗಂಟೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತಾರೆ. ಎರಡರಿಂದಲೂ ಸಂಖ್ಯೆ ಸುಳ್ಳೇ ಇಳಿಯುತ್ತದೆ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮಾಡಬೇಕು. ನಿಮ್ಮ ತಂಗಿಗೆ ಈಗ ವಾಂತಿ ಇರುವುದರಿಂದ ಮಾತ್ರೆಯಿಂದ ಅದು ಹಿಡಿತಕ್ಕೆ ಬಂದ ಮೇಲೆ, ವಾಂತಿ ಕಡಿಮೆ ಇರುವ ಹೊತ್ತು ನೋಡಿ ಮಾಡಿಸಿ. ಸ್ವಲ್ಪ ನಿಂಬೆರಸ ಹಿಂಡಿಕೊಂಡರೆ ಕುಡಿಯಲು ಹಗುರ.

ಏರಿದೆ ಅಂತ ಬಂದರೆ ಎರಡು ವಾರ ಊಟದ ಬದಲಾವಣೆ, ದಿನಕ್ಕೆ ಅರ್ಧ ಗಂಟೆ ನಡಿಗೆ. ಆಮೇಲೂ ಊಟದ ನಂತರ ಎರಡು ಗಂಟೆಗೆ 120 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧಿ. ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ಅದು ನಿಜ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೇ. ದೊಡ್ಡ ಮುದ್ದೆ ಎರಡು ಉಂಡರೆ ಅನ್ನಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಉಳಿಯಲ್ಲ. ಚಿಕ್ಕ ಮುದ್ದೆ ಒಂದು, ಜೊತೆಗೆ ಬಸ್ಸಾರಿನ ಕಾಳು-ಸೊಪ್ಪು ಮುದ್ದೆಯ ಎರಡರಷ್ಟು. ರಾಗಿ ಗಂಜಿ ಮಾತ್ರ ಬೇಗ ಏರಿಸುತ್ತದೆ, ಬೆಳಗ್ಗೆ ಅದೊಂದನ್ನೇ ಕುಡಿಯಬೇಡಿ. ಬೆಳಗಿನ ಹೊತ್ತು ಕಾರ್ಟಿಸಾಲ್ ಹೆಚ್ಚಿರುವುದರಿಂದ ತಿಂಡಿಯ ನಂತರದ ಸಂಖ್ಯೆಯೇ ಎಲ್ಲಕ್ಕಿಂತ ಮೊಂಡು. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಉಸಲಿ.

“ಇಬ್ಬರ ಊಟ” ಬೇಡ. ನಾಲ್ಕನೇ ತಿಂಗಳಿಂದ ದಿನಕ್ಕೆ ಹೆಚ್ಚಿಗೆ ಬೇಕಾದದ್ದು ಸುಮಾರು 350 ಕ್ಯಾಲರಿ ಅಷ್ಟೇ.

ಹೊಸಮನೆ

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ಹೆಂಡತಿಗೆ 33ನೇ ವಾರ. ಮೂರು ರಾತ್ರಿಯಿಂದ ಅಂಗೈ, ಅಂಗಾಲು ವಿಪರೀತ ತುರಿಕೆ, ನಿದ್ದೆಯಿಲ್ಲ. ಗಂಧೆ, ಗುಳ್ಳೆ ಏನೂ ಇಲ್ಲ. ಉಷ್ಣ ಆಗಿದೆ, ಎಳನೀರು ಕುಡಿಸಿ ಅಂತ ಹಿರಿಯರು ಹೇಳುತ್ತಿದ್ದಾರೆ. ಇದೂ ಹಾರ್ಮೋನೇ ಇರಬಹುದಾ?

ಪ್ರಸೂತಿತಜ್ಞೆ_ಮೈಸೂರು

ಹೊಸಮನೆಯವರೇ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೌದು, ಹಾರ್ಮೋನಿನದ್ದೇ ಇರಬಹುದು, ಆದರೆ ಸುಮ್ಮನೆ ಬಿಡುವ ಬಗೆಯದ್ದಲ್ಲ. ಕೊನೆಯ ತಿಂಗಳುಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನಿನ ಅಂಶಗಳು ಕೆಲವರಲ್ಲಿ ಲಿವರಿನಿಂದ ಪಿತ್ತ ಹೊರಹರಿಯುವುದನ್ನು ತಡೆಯುತ್ತವೆ. ಪಿತ್ತದ ಆಮ್ಲ ರಕ್ತಕ್ಕೆ ಸೇರಿ ಗುಳ್ಳೆಯಿಲ್ಲದ ತುರಿಕೆ ಬರುತ್ತದೆ, ಅಂಗೈ ಅಂಗಾಲಿನಲ್ಲಿ, ರಾತ್ರಿಯ ಹೊತ್ತು ಹೆಚ್ಚು. ನೀವು ಬರೆದದ್ದು ಅದಕ್ಕೆ ಸರಿಹೊಂದುತ್ತದೆ.

ಕೇಳಬೇಕಾದ ಪರೀಕ್ಷೆ: ಸೀರಂ ಬೈಲ್ ಆಸಿಡ್, ಜೊತೆಗೆ ಲಿವರಿನ ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್. ಬರೀ ಆಲ್ಕಲೈನ್ ಫಾಸ್ಫಟೇಸ್ ನೋಡಿದರೆ ಏನೂ ತಿಳಿಯದು, ಮೇಲೆ ಹೇಳಿದಂತೆ ಅದು ಮಾಸಿನಿಂದ ಹೇಗೂ ಏರಿರುತ್ತದೆ. ಬರಿಹೊಟ್ಟೆ ಬೇಡ. ಬೈಲ್ ಆಸಿಡ್ 19 ದಾಟಿದರೆ ಈ ತೊಂದರೆ ಇದೆ ಅಂತ. 40ರ ಮೇಲೆ ಮಧ್ಯಮ, 100 ದಾಟಿದರೆ ತೀವ್ರ. 100ರ ಮೇಲೆ ಹೋದಾಗ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುವುದರಿಂದ 35–36 ವಾರಕ್ಕೇ ಹೆರಿಗೆ ಮಾಡಿಸುವ ಬಗ್ಗೆ ಮಾತಾಡುತ್ತೇವೆ. ಮೊದಲ ಸಲ ಸರಿ ಬಂದರೂ ತುರಿಕೆ ಮುಂದುವರಿದರೆ ಒಂದು ವಾರಕ್ಕೆ ಮತ್ತೆ ಮಾಡಿಸಬೇಕು. ತುರಿಕೆ ಮೊದಲು, ಸಂಖ್ಯೆ ಆಮೇಲೆ ಏರುವುದುಂಟು.

ಪರೀಕ್ಷೆಯವರೆಗೆ ತಣ್ಣೀರಿನ ಬಟ್ಟೆ, ಮೆಂಥಾಲ್ ಇರುವ ಕ್ರೀಮು, ಹತ್ತಿಯ ಸಡಿಲ ಬಟ್ಟೆ. ಎಳನೀರು ಕುಡಿಯಲಿ, ತೊಂದರೆಯಿಲ್ಲ, ಆದರೆ ಅದನ್ನು ನಂಬಿ ಕೂರಬೇಡಿ. ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ಮೂತ್ರ ಕಡು ಹಳದಿ ಅಥವಾ ಕಣ್ಣು ಹಳದಿಯಾದರೆ ಬೆಳಗಾಗುವುದನ್ನು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಫಿಸಿಯೊ_ಧಾರವಾಡ

ಒಂದು ತಿದ್ದುಪಡಿ ಮಾತ್ರ. ಸೊಂಟ, ಜನನಾಂಗದ ಮೇಲಿನ ಮೂಳೆ ನೋವು ಬಂದಾಗಲೆಲ್ಲ “ರಿಲ್ಯಾಕ್ಸಿನ್” ಅಂತ ಹೇಳಿ ಮುಗಿಸುತ್ತಾರೆ. ರಿಲ್ಯಾಕ್ಸಿನ್ ತುದಿ ಮುಟ್ಟುವುದು ಮೊದಲ ಮೂರು ತಿಂಗಳಲ್ಲಿ, ನೋವು ಹೆಚ್ಚುವುದು ಕೊನೆಯ ತಿಂಗಳುಗಳಲ್ಲಿ. ರಕ್ತದಲ್ಲಿ ಅದರ ಪ್ರಮಾಣಕ್ಕೂ ನೋವಿನ ತೀವ್ರತೆಗೂ ಗಟ್ಟಿ ನಂಟು ಸಿಕ್ಕಿಲ್ಲ. ತೂಕ, ಹೊಟ್ಟೆ ಮುಂದೆ ಬಂದು ನಿಲುವು ಬದಲಾಗುವುದು, ಪೃಷ್ಠದ ಸ್ನಾಯು ಸೋಲುವುದು ಇವೆಲ್ಲ ಸೇರಿವೆ. ಹಾಗಾಗಿ ಹೆರಿಗೆಯವರೆಗೆ ಸಹಿಸಬೇಕು ಅನ್ನುವುದು ತಪ್ಪು, ವ್ಯಾಯಾಮದಿಂದ ಇಳಿಯುತ್ತದೆ. ಮಂಚದಿಂದ ಇಳಿಯುವಾಗ ಎರಡೂ ಮೊಣಕಾಲು ಜೋಡಿಸಿ ಒಟ್ಟಿಗೆ ತಿರುಗಿ. ಪ್ಯಾಂಟ್, ಲಂಗ ಹಾಕುವಾಗ ಕೂತು ಹಾಕಿ, ಒಂಟಿಕಾಲಲ್ಲಿ ನಿಲ್ಲಬೇಡಿ. ಮಗ್ಗುಲಾಗಿ ಮಲಗಿದಾಗ ಮೊಣಕಾಲಿನಿಂದ ಪಾದದವರೆಗೂ ತಲುಪುವ ದಿಂಬು ಇರಲಿ.

ತಾಯಿವಾರ್ಡ್_ಸಿಸ್ಟರ್

ಹೆರಿಗೆಯ ನಂತರದ ಮಾತು ಯಾರೂ ಎತ್ತಲಿಲ್ಲ. ತುಂಗಾತೀರ ಅವರೇ, ತಂಗಿಯ ಬಾಣಂತನ ನಿಮ್ಮ ಮನೆಯಲ್ಲೇ ಆದರೆ ಇದು ನಿಮಗೆ.

ಮಾಸು ಹೊರಬಿದ್ದ ಕೆಲವೇ ದಿನದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ನೆಲಕ್ಕಿಳಿಯುತ್ತವೆ. ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಬಸಿರಿನುದ್ದಕ್ಕೂ ಏರಿಯೇ ಇರುತ್ತದೆ, ಹಾಲಿಗೆ ತಡೆಯಾಗಿದ್ದದ್ದು ಪ್ರೊಜೆಸ್ಟರಾನ್. ಅದು ಇಳಿದು ಎರಡರಿಂದ ನಾಲ್ಕನೇ ದಿನದೊಳಗೆ ಎದೆ ತುಂಬುತ್ತದೆ. ಅಲ್ಲಿಯವರೆಗೆ ಬರುವ ಹಳದಿ ಗಿಣ್ಣುಹಾಲು ಮಗುವಿಗೆ ಸಾಕು, ಹಾಲಿಲ್ಲ ಅಂತ ಡಬ್ಬಿ ಹಾಲು ಶುರು ಮಾಡಬೇಡಿ. ಐದು ದಿನವಾದರೂ ಎದೆ ತುಂಬದೆ ರಕ್ತಸ್ರಾವವೂ ಹೆಚ್ಚಿದ್ದರೆ ಮಾಸಿನ ಚೂರು ಒಳಗೆ ಉಳಿದಿರಬಹುದು, ಸ್ಕ್ಯಾನ್ ಮಾಡಿಸಬೇಕು. ಆ ಚೂರು ಪ್ರೊಜೆಸ್ಟರಾನ್ ಬಿಡುತ್ತಲೇ ಇರುತ್ತದೆ.

ಮೂರು, ನಾಲ್ಕು, ಐದನೇ ದಿನ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ತಾನೇ ಇಳಿಯಬೇಕು. ಅದಕ್ಕೂ ಮೀರಿ ಮಂಕಾಗಿದ್ದರೆ, ಮಗುವನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ ಅದು ಬಾಣಂತಿಯ ಖಿನ್ನತೆ, ಚಿಕಿತ್ಸೆ ಇದೆ. ಜೀವ ತೆಗೆದುಕೊಳ್ಳುವ, ಮಗುವಿಗೆ ಏನಾದರೂ ಮಾಡುವ ಮಾತು ಬಂದರೆ ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುತ್ತದೆ. ಬಸಿರಿನಲ್ಲಿ ಈಸ್ಟ್ರೋಜನ್ ಉದುರಗೊಡದೆ ಹಿಡಿದಿಟ್ಟಿದ್ದ ಕೂದಲು ಅದು, ವರ್ಷದೊಳಗೆ ಮರಳುತ್ತದೆ. ಆದರೆ ಅದರ ಜೊತೆ ಎದೆಬಡಿತ, ಅಥವಾ ತಡೆಯಲಾರದ ಸುಸ್ತು, ಮೈಚಳಿ ಇದ್ದರೆ ಬರೀ ಬಾಣಂತನದ ಆಯಾಸ ಅಂತ ಬಿಡದೆ ಟಿಎಸ್‌ಎಚ್ ನೋಡಿಸಿ, ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಉರಿಯೂತ ಬರುವುದುಂಟು. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಆರು ವಾರಕ್ಕೆ ಆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು, ಈ ಸಲ ಬರಿಹೊಟ್ಟೆಗೆ. ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸುವುದೂ ಆಗಲೇ, ಅದೇ ದಿನ ಬೆಳಗ್ಗೆ ಇಬ್ಬರದ್ದೂ ಮುಗಿಸಿಕೊಂಡು ಬನ್ನಿ.